ಕೃಪೆ ಮತ್ತು ಪುರುಷಪ್ರಯತ್ನ: ಕ್ರೈಸ್ತರ ರಕ್ಷಣೆಯಲ್ಲಿಯೂ ವೈಷ್ಣವರ ಮೋಕ್ಷದಲ್ಲಿಯೂ ದೈವದ ಸ್ಥಾನ

೧. ವಿಷಯದ ಸ್ವರೂಪ

ಕ್ರೈಸ್ತಮತವು ದೇವರಿಂದಲೇ ದೊರೆಯತಕ್ಕ ರಕ್ಷಣೆಯನ್ನು ಬೋಧಿಸುವುದೆಂದೂ, ಹಿಂದೂಮತವು ಮನುಷ್ಯನು ತನ್ನ ಕರ್ಮ, ತಪಸ್ಸು, ಜ್ಞಾನಗಳ ಬಲದಿಂದ ತಾನೇ ಸಂಪಾದಿಸಿಕೊಳ್ಳುವ ಮೋಕ್ಷವನ್ನು ಬೋಧಿಸುವುದೆಂದೂ ಒಂದು ಅಭಿಪ್ರಾಯವು ಬಹುಕಾಲದಿಂದ ಪ್ರಚಾರದಲ್ಲಿದೆ. ೧೯ನೆಯ ಶತಮಾನದ ಮಿಷನರಿಗಳ ಬರೆಹಗಳಲ್ಲಿ ಇದು ಆಕ್ಷೇಪಣೆಯ ರೂಪದಲ್ಲಿ ಕಾಣುತ್ತದೆ. ಅವರಿಗೆ ಉತ್ತರ ಹೇಳಿದ ಕೆಲವರು ಅದನ್ನೇ ಪ್ರಶಂಸೆಯಾಗಿ ತಿರುಗಿಸಿ, ಪರಾವಲಂಬನವಿಲ್ಲದ ಆತ್ಮೋದ್ಧಾರವೇ ಭಾರತೀಯರ ಹೆಗ್ಗಳಿಕೆಯೆಂದರು. ಉಭಯಪಕ್ಷದವರೂ ಒಪ್ಪಿಕೊಂಡ ಈ ವಿಭಾಗವು ಎರಡು ಮತಗಳಲ್ಲಿ ಯಾವುದರ ಇತಿಹಾಸಕ್ಕೂ ಹೊಂದಿ ಬರುವುದಿಲ್ಲ. ಅನುಗ್ರಹವು ಪ್ರಧಾನವೋ ಪ್ರಯತ್ನವು ಪ್ರಧಾನವೋ ಎಂಬ ವಿವಾದವು ಆಯಾ ಮತದ ಒಳಗೇ ಹುಟ್ಟಿ, ಒಂದೇ ದೇವರನ್ನು ಪೂಜಿಸಿ ಒಂದೇ ಗ್ರಂಥಗಳನ್ನು ಪ್ರಮಾಣವೆಂದು ನಂಬಿದವರನ್ನು ಇಬ್ಭಾಗವಾಗಿ ಒಡೆಯಿತು. ಈ ಎರಡು ಅಂತಃಕಲಹಗಳ ವೃತ್ತಾಂತವನ್ನು ಜೊತೆಯಲ್ಲಿಟ್ಟು ನೋಡಿದರೆ ಮತಗಳ ನಡುವಣ ನಿಜವಾದ ಭೇದವು ಬೇರೊಂದು ಸ್ಥಳದಲ್ಲಿರುವುದು ತಿಳಿದುಬರುತ್ತದೆ.

ಹಿಂದೂಮತವೆಂಬ ಹೆಸರಿನಲ್ಲಿ ಅಡಗಿರುವ ದರ್ಶನಗಳೆಲ್ಲವೂ ಈ ಹೋಲಿಕೆಗೆ ಒದಗತಕ್ಕವುಗಳಲ್ಲ. ಪ್ರಾಚೀನ ಸಾಂಖ್ಯವೂ ಪೂರ್ವಮೀಮಾಂಸೆಯೂ ತಮ್ಮ ಸಿದ್ಧಾಂತಕ್ಕೆ ಈಶ್ವರನ ಅಪೇಕ್ಷೆಯನ್ನೇ ಇಟ್ಟುಕೊಂಡಿಲ್ಲ. ಯೋಗಶಾಸ್ತ್ರದಲ್ಲಿ ಈಶ್ವರಪ್ರಣಿಧಾನವು ಹಲವು ಸಾಧನಗಳಲ್ಲಿ ಒಂದು. ಅದ್ವೈತದಲ್ಲಿ ಅವಿದ್ಯೆಯನ್ನು ನಾಶಮಾಡುವುದು ಜ್ಞಾನವೇ. ಆ ಜ್ಞಾನದಲ್ಲಿ ಅಭಿರುಚಿಯು ಹುಟ್ಟುವುದಕ್ಕೆ ಈಶ್ವರಾನುಗ್ರಹವು ಸಹಾಯಕವೆಂದು ಒಪ್ಪಿದರೂ, ಕೊನೆಯ ಮಾತು ಜ್ಞಾನದ್ದೇ. ಜೀವನಿಗಿಂತ ಭಿನ್ನನಾಗಿ, ಅಥವಾ ಜೀವನನ್ನು ಶರೀರವನ್ನಾಗಿ ಹೊಂದಿ, ಮೋಕ್ಷವನ್ನು ಸ್ವತಃ ದಯಪಾಲಿಸುವ ಈಶ್ವರನನ್ನು ಒಪ್ಪುವ ಭಕ್ತಿವೇದಾಂತಗಳಲ್ಲಿಯೇ ಈ ಪ್ರಶ್ನೆಯು ತೀಕ್ಷ್ಣವಾಗುವುದು. ಆದುದರಿಂದ ಇಲ್ಲಿ ಶ್ರೀವೈಷ್ಣವಸಿದ್ಧಾಂತವನ್ನು ಮುಖ್ಯವಾಗಿಯೂ, ಮಾಧ್ವಸಿದ್ಧಾಂತವನ್ನು ಅದರ ಪಕ್ಕದಲ್ಲಿಯೂ ಇಟ್ಟು ವಿಚಾರಿಸಲಾಗಿದೆ.

೨. ಶಬ್ದವಿಚಾರ

ಕನ್ನಡದಲ್ಲಿ ಈ ಎರಡು ಮತಗಳ ಪರಿಭಾಷೆಗಳು ಪರಸ್ಪರ ಸಂಧಿಸಿದ್ದು ಬೈಬಲಿನ ಭಾಷಾಂತರದಲ್ಲಿ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನು ಕೈಗೊಂಡ ಭಾಷಾಂತರವು ೧೮೩೧ರಲ್ಲಿ ಪೂರ್ಣವಾಯಿತು. ೧೮೩೪ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಮುಂದೆ ಅದರ ಪರಿಷ್ಕರಣಕ್ಕೆ ದುಡಿದರು. ಇಂದಿಗೂ ರೂಢಿಯಲ್ಲಿರುವ ಕ್ರೈಸ್ತಕನ್ನಡದಲ್ಲಿ ಪ್ರಧಾನವಾದ ಶಬ್ದಗಳು ಎರಡು: 'ರಕ್ಷಣೆ' ಮತ್ತು 'ಕೃಪೆ'. ದೇಶದಲ್ಲೆಲ್ಲ ಪ್ರಸಿದ್ಧವಾಗಿದ್ದ 'ಮೋಕ್ಷ'ಶಬ್ದಕ್ಕೆ ಅಲ್ಲಿ ಮುಖ್ಯಸ್ಥಾನವು ದೊರೆಯಲಿಲ್ಲ. ಈ ಆಯ್ಕೆಯಲ್ಲಿ ಅರ್ಥವಿದೆ. 'ಮುಚ್' ಧಾತುವಿನಿಂದ ಬಂದ 'ಮೋಕ್ಷ'ವು ಕಟ್ಟಿನಿಂದ ಬಿಡುಗಡೆಯನ್ನು ಹೇಳುತ್ತದೆ. ಬಿಡಿಸುವವನೊಬ್ಬನಿದ್ದಾನೆಂಬುದು ಆ ಶಬ್ದದಿಂದಲೇ ಸಿದ್ಧವಾಗುವುದಿಲ್ಲ. 'ರಕ್ಷಣೆ'ಯು ರಕ್ಷಕನಿಲ್ಲದೆ ನಿಲ್ಲದು. ಗ್ರೀಕಿನ ಮೂಲಶಬ್ದವಾದ 'ಸೋತೇರಿಯ'ಕ್ಕೆ ಅಪಾಯದಿಂದ ಪಾರುಮಾಡುವುದೆಂಬ ಅರ್ಥವೂ, ರೋಗವನ್ನು ಗುಣಪಡಿಸುವುದೆಂಬ ಛಾಯೆಯೂ ಇವೆ.

ಆದರೆ 'ರಕ್ಷಕ'ಭಾವವು ಭಾಷಾಂತರಕಾರರೊಡನೆ ನಾಡಿಗೆ ಬಂದುದಲ್ಲ. ಶರಣಾಗತಿಯ ಅಂಗಗಳನ್ನು ಎಣಿಸುವಾಗ ಪಾಂಚರಾತ್ರಾಗಮವು ಭಗವಂತನು ರಕ್ಷಿಸುವನೆಂಬ ಮಹಾವಿಶ್ವಾಸವನ್ನೂ, ಅವನನ್ನೇ ಗೋಪ್ತೃವಾಗಿ, ಅಂದರೆ ರಕ್ಷಕನಾಗಿ, ವರಿಸುವುದನ್ನೂ ಬೇರೆ ಬೇರೆಯಾಗಿಯೇ ಹೇಳಿದೆ. ಕೃಪೆಗೆ ಸಮಾನವಾದ 'ಪ್ರಸಾದ'ಶಬ್ದದ ಚರಿತ್ರೆಯು ಇನ್ನೂ ಬೋಧಪ್ರದವಾದುದು. ಅದರ ಮೊದಲ ಅರ್ಥವು ತಿಳಿಯಾಗುವಿಕೆ. ಕದಡಿದ ನೀರು ತಿಳಿಯಾದಂತೆ ಮನಸ್ಸು ಪ್ರಸನ್ನವಾಗುವುದು. ಅಲ್ಲಿಂದ ಒಡೆಯನ ಮನಸ್ಸು ಪ್ರಸನ್ನವಾಗುವುದೆಂಬ ಅರ್ಥವೂ, ಅಲ್ಲಿಂದ ಆ ಪ್ರಸನ್ನತೆಯ ಫಲವಾಗಿ ಕೊಡಲ್ಪಟ್ಟ ವಸ್ತುವೆಂಬ ಅರ್ಥವೂ ಬೆಳೆದವು. ಕಠೋಪನಿಷತ್ತಿನ ಒಂದು ಮಂತ್ರದಲ್ಲಿ ಈ ಎರಡು ಅರ್ಥಗಳು ಒಂದು ವಿಸರ್ಗವನ್ನು ಅವಲಂಬಿಸಿ ನಿಂತಿವೆ. 'ಧಾತುಪ್ರಸಾದ' ಎಂದು ಸಮಾಸವಾಗಿ ಓದಿದ ಶಂಕರಾಚಾರ್ಯರು ಮನಸ್ಸು ಮೊದಲಾದ ಕರಣಗಳು ತಿಳಿಯಾಗುವುದರಿಂದ ಆತ್ಮದರ್ಶನವಾಗುವುದೆಂದು ವ್ಯಾಖ್ಯಾನಿಸಿದರು. 'ಧಾತುಃ ಪ್ರಸಾದ' ಎಂದು ವಿಸರ್ಗವನ್ನಿಟ್ಟು ಓದಿದರೆ, ಶ್ವೇತಾಶ್ವತರದಲ್ಲಿ ಇರುವಂತೆ, ಸೃಷ್ಟಿಕರ್ತನ ಅನುಗ್ರಹದಿಂದ ದರ್ಶನವಾಗುವುದೆಂಬ ಅರ್ಥವು ಬರುತ್ತದೆ. ಪ್ರಯತ್ನವಾದಕ್ಕೂ ಕೃಪಾವಾದಕ್ಕೂ ನಡುವಣ ಅಂತರವು ಎಷ್ಟು ಸೂಕ್ಷ್ಮವಾಗಿ ಆರಂಭವಾಯಿತೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವು ಬೇಡ.

೩. ಆಗಸ್ಟೀನನೂ ಪೆಲಾಜಿಯಸನೂ

ಮೊದಲು ಪಶ್ಚಿಮದ ವಿವಾದವನ್ನು ನೋಡಬಹುದು. ಬ್ರಿಟನ್ ದ್ವೀಪದವನಾದ ಪೆಲಾಜಿಯಸನು ೪ನೆಯ ಶತಮಾನದ ಕೊನೆಯ ಭಾಗದಲ್ಲಿ ರೋಮಿನಲ್ಲಿ ನೆಲಸಿ, ಕಠಿನವ್ರತಿಯೆಂದೂ ಸದಾಚಾರದ ಉಪದೇಶಕನೆಂದೂ ಹೆಸರಾದನು. ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದ ಬಿಷಪ್ಪನಾಗಿದ್ದ ಆಗಸ್ಟೀನನು (೩೫೪–೪೩೦) ತನ್ನ ಆತ್ಮನಿವೇದನಗ್ರಂಥದಲ್ಲಿ, ದೇವರು ವಿಧಿಸುವುದನ್ನು ನೆರವೇರಿಸುವ ಶಕ್ತಿಯನ್ನೂ ದೇವರೇ ಕೊಡಬೇಕೆಂದು ಬೇಡಿಕೊಂಡಿದ್ದನು. ಈ ಪ್ರಾರ್ಥನೆಯು ಪೆಲಾಜಿಯಸನಿಗೆ ಸಹಿಸಲಿಲ್ಲ. ಮಾಡಲಾಗದ ಕಾರ್ಯವನ್ನು ನ್ಯಾಯವಂತನಾದ ದೇವರು ವಿಧಿಸುವನೇ? ವಿಧಿಸಿದನೆಂದಮೇಲೆ ಮಾಡುವ ಸಾಮರ್ಥ್ಯವು ಮನುಷ್ಯನ ಸ್ವಭಾವದಲ್ಲಿಯೇ ಇರಬೇಕು. ಸ್ವತಂತ್ರವಾದ ಇಚ್ಛೆ, ಧರ್ಮಶಾಸ್ತ್ರ, ಕ್ರಿಸ್ತನ ಉಪದೇಶ ಮತ್ತು ಆದರ್ಶ, ಪಾಪಗಳ ಕ್ಷಮೆ ಇವೇ ದೇವರ ಕೃಪೆ. ಉಳಿದುದು ಮನುಷ್ಯನ ಹೊಣೆ. ಇದು ಅವನ ಮತವು. ಸೋಮಾರಿತನಕ್ಕೆ ಕೃಪೆಯ ಹೆಸರು ಕೊಡುವವರ ಮೇಲಿನ ರೋಷವೇ ಅದರ ಮೂಲವೆಂದು ಹೇಳಬಹುದು.

ಆಗಸ್ಟೀನನ ಉತ್ತರವು ಮನುಷ್ಯನ ಸ್ಥಿತಿಯ ನಿದಾನದಿಂದ ಹೊರಟಿತು. ಆದಾಮನ ಪತನದಿಂದ ಮಾನವಕುಲವೆಲ್ಲವೂ ದೋಷಕ್ಕೆ ಒಳಗಾಗಿ, ಇಚ್ಛೆಯು ಇದ್ದರೂ ಅದು ಒಳ್ಳೆಯದನ್ನು ಇಚ್ಛಿಸಲಾರದ ರೋಗಗ್ರಸ್ತವಾದ ಇಚ್ಛೆಯಾಗಿದೆ. ರೋಗಿಗೆ ವೈದ್ಯನ ಉಪದೇಶವು ಸಾಲದು, ಔಷಧವು ಬೇಕು. ನಂಬಿಕೆಯ ಮೊದಲ ಮೊಳಕೆಯೂ ದೇವರ ದಾನವೇ. ೪೧೦ರಲ್ಲಿ ಗಾಥರು ರೋಮನ್ನು ಸೂರೆಗೊಂಡ ತರುವಾಯ ಪೆಲಾಜಿಯಸನು ಆಫ್ರಿಕಕ್ಕೆ ಹೋಗಿ ಅಲ್ಲಿಂದ ಪ್ಯಾಲೆಸ್ಟೈನಿಗೆ ತೆರಳಿದನು. ೪೧೫ರಲ್ಲಿ ಡಿಯೋಸ್ಪೊಲಿಸಿನ ಸಭೆಯು ಅವನನ್ನು ನಿರ್ದೋಷಿಯೆಂದಿತು. ೪೧೮ರಲ್ಲಿ ಕಾರ್ಥೇಜಿನ ಮಹಾಸಭೆಯು ಅವನ ಮತವನ್ನು ಖಂಡಿಸಿತು. ಮೂರು ವರ್ಷಗಳ ಅಂತರದಲ್ಲಿ ಪೂರ್ವದ ಬಿಷಪ್ಪರೂ ಪಶ್ಚಿಮದ ಬಿಷಪ್ಪರೂ ವಿರುದ್ಧವಾದ ತೀರ್ಪುಗಳನ್ನು ಕೊಟ್ಟರೆಂಬುದು, ಕ್ರೈಸ್ತಮತಕ್ಕೆ ಮೊದಲಿನಿಂದಲೂ ಒಂದೇ ಕೃಪಾಸಿದ್ಧಾಂತವಿದ್ದಿತೆಂಬ ಭಾವನೆಗೆ ಸಾಕಾದ ಬಾಧಕವು.

ಕಾರ್ಥೇಜಿನ ತೀರ್ಪಿನಿಂದಲೂ ಪ್ರಶ್ನೆಯು ಮುಗಿಯಲಿಲ್ಲ. ಹಾಡ್ರುಮೇಟಮಿನ ಮಠದ ಸನ್ಯಾಸಿಗಳು ಆಗಸ್ಟೀನನ ಬರೆಹವನ್ನು ಓದಿ, ಎಲ್ಲವೂ ಕೃಪೆಯೇ ಆದರೆ ತಪ್ಪು ಮಾಡಿದವನನ್ನು ಮಠಾಧಿಪತಿಯು ಗದರಿಸುವುದೇಕೆ, ಅವನಿಗಾಗಿ ಪ್ರಾರ್ಥಿಸಿದರೆ ಸಾಲದೇ ಎಂದು ಸಂದೇಹಪಟ್ಟರು. ಅವರ ಸಮಾಧಾನಕ್ಕಾಗಿ ಆಗಸ್ಟೀನನು ೪೨೬–೪೨೭ರ ಸುಮಾರಿನಲ್ಲಿ ಎರಡು ಗ್ರಂಥಗಳನ್ನು ಬರೆಯಬೇಕಾಯಿತು. ಗದರಿಕೆಯೂ ಕೃಪೆಯು ಕೆಲಸ ಮಾಡುವ ಒಂದು ದಾರಿಯೆಂಬುದು ಅವನ ಸಮಾಧಾನ. ದಕ್ಷಿಣ ಗಾಲ್ ದೇಶದ ಸನ್ಯಾಸಿಗಳು ಇಷ್ಟಕ್ಕೆ ತೃಪ್ತರಾಗಲಿಲ್ಲ. ಈಜಿಪ್ಟಿನ ಮರುಭೂಮಿಯ ತಪಸ್ವಿಗಳಲ್ಲಿ ಶಿಕ್ಷಣ ಪಡೆದು ಮಾರ್ಸೇಲ್ಸಿನಲ್ಲಿ ಮಠವನ್ನು ಸ್ಥಾಪಿಸಿದ ಜಾನ್ ಕಾಸಿಯನನು, ಕೆಲವರಲ್ಲಿ ದೇವರೇ ಮೊದಲು ಕರೆಯುವನು, ಕೆಲವರಲ್ಲಿ ಮನುಷ್ಯನ ಸದಿಚ್ಛೆಯು ಮೊದಲು ಅಂಕುರಿಸುವುದು, ದೇವರು ಅದನ್ನು ಕೂಡಲೇ ಪೋಷಿಸುವನು ಎಂದನು. ೫೨೯ರ ಆರೆಂಜ್ ಸಭೆಯು ಮೊದಲ ಅಂಕುರವೂ ಕೃಪೆಯಿಂದಲೇ ಎಂದು ನಿರ್ಣಯಿಸಿತು. ಆದರೆ ದೇವರು ಕೆಲವರನ್ನು ಕೇಡಿಗಾಗಿಯೇ ಗೊತ್ತುಮಾಡಿರುವನೆಂಬ ಮಾತನ್ನು ಅಷ್ಟೇ ಕಠಿನವಾಗಿ ಖಂಡಿಸಿತು.

ಸಾವಿರ ವರ್ಷಗಳ ತರುವಾಯ ಅದೇ ಜಗಳವು ಮರುಕಳಿಸಿತು. ೧೫೨೪ರಲ್ಲಿ ಎರಾಸ್ಮಸನು ಇಚ್ಛಾಸ್ವಾತಂತ್ರ್ಯವನ್ನು ಸಮರ್ಥಿಸಿ ಬರೆದುದಕ್ಕೆ ಲೂಥರನು ಮರುವರ್ಷವೇ ಇಚ್ಛೆಯ ದಾಸ್ಯವನ್ನು ಪ್ರತಿಪಾದಿಸಿ ಉತ್ತರ ಕೊಟ್ಟನು. ಮನುಷ್ಯನ ಇಚ್ಛೆಯು ಸವಾರಿಯ ಪಶುವಿನಂತೆ, ದೇವರು ಏರಿದರೆ ಅವನ ದಾರಿಯಲ್ಲಿಯೂ ಸೈತಾನನು ಏರಿದರೆ ಅವನ ದಾರಿಯಲ್ಲಿಯೂ ನಡೆಯುವುದು, ಸವಾರನನ್ನು ಆರಿಸುವ ಅಧಿಕಾರವು ಪಶುವಿಗಿಲ್ಲ ಎಂಬ ಉಪಮಾನವು ಅವನದು. ೧೫೪೭ರಲ್ಲಿ ಟ್ರೆಂಟ್ ಮಹಾಸಭೆಯು ದೇವರಿಂದ ಎಚ್ಚರಿಸಲ್ಪಟ್ಟ ಇಚ್ಛೆಯು ಸಮ್ಮತಿಸಲೂ ನಿರಾಕರಿಸಲೂ ಶಕ್ತವೆಂದು ನಿರ್ಣಯಿಸಿತು. ಆ ನಿರ್ಣಯವನ್ನು ಒಪ್ಪಿದವರಲ್ಲಿಯೇ ಜೆಸ್ವಿಟರೂ ಡೊಮಿನಿಕರೂ ಕೃಪೆಯು ಇಚ್ಛೆಯನ್ನು ಹೇಗೆ ಚಲಿಸುವುದೆಂಬ ವಿಷಯದಲ್ಲಿ ಕಾದಾಡಿದರು. ೧೬೦೭ರಲ್ಲಿ ಪೋಪ್ ಐದನೆಯ ಪಾಲನು ಯಾವ ಪಕ್ಷಕ್ಕೂ ಜಯವನ್ನು ಕೊಡದೆ ವಾದವನ್ನು ನಿಲ್ಲಿಸಿದನು. ಲೂಥರನ ಅನುಯಾಯಿಗಳೂ ರೋಮಿನ ಸಭೆಯೂ ಈ ವಿಷಯದ ಮೂಲಾಂಶಗಳಲ್ಲಿ ಒಮ್ಮತವುಂಟೆಂದು ಜಂಟಿಯಾಗಿ ಪ್ರಕಟಿಸಿದ್ದು ೧೯೯೯ರಲ್ಲಿ.

೪. ಸೂತ್ರವೂ ರಾಮಾನುಜರೂ

ಭಾರತದಲ್ಲಿ ಈ ಪ್ರಶ್ನೆಯು ಬೇರೊಂದು ಭೂಮಿಕೆಯ ಮೇಲೆ ನಿಂತಿತು. ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದಲ್ಲಿ, ಒಬ್ಬನಿಗೆ ಸುಖವನ್ನೂ ಇನ್ನೊಬ್ಬನಿಗೆ ದುಃಖವನ್ನೂ ಕೊಡುವ ಈಶ್ವರನಿಗೆ ವೈಷಮ್ಯ, ನೈರ್ಘೃಣ್ಯ, ಅಂದರೆ ಪಕ್ಷಪಾತ ಮತ್ತು ನಿರ್ದಯತೆ ಎಂಬ ದೋಷಗಳು ಬಾರವೇ ಎಂಬ ಆಕ್ಷೇಪವು ಎತ್ತಲ್ಪಟ್ಟಿದೆ. ಈಶ್ವರನು ಜೀವರ ಕರ್ಮವನ್ನು ಅಪೇಕ್ಷಿಸಿ ಫಲವನ್ನು ಕೊಡುವನು, ಕರ್ಮವು ಅನಾದಿ, ಆದುದರಿಂದ ದೋಷವಿಲ್ಲ ಎಂಬುದೇ ಅಲ್ಲಿಯ ಸಮಾಧಾನ. ಅದೇ ಅಧ್ಯಾಯದಲ್ಲಿ ಜೀವನ ಕರ್ತೃತ್ವವು ಪರಮಾತ್ಮನ ಅಧೀನವೆಂದು ಹೇಳಿದ ಕೂಡಲೇ, ಅವನು ಜೀವನು ಮಾಡಿದ ಪ್ರಯತ್ನವನ್ನು ಅಪೇಕ್ಷಿಸುವನೆಂಬ ಸೂತ್ರವೂ ಬಂದಿದೆ. ದೈವಾಧೀನತೆಯೂ ಪುರುಷಪ್ರಯತ್ನವೂ ಒಂದರ ಬೆನ್ನಿಗೆ ಒಂದಾಗಿ ನಿಂತಿವೆ.

ಈ ಸೂತ್ರಕ್ಕೆ ರಾಮಾನುಜಾಚಾರ್ಯರು ಶ್ರೀಭಾಷ್ಯದಲ್ಲಿ ಕೊಟ್ಟ ದೃಷ್ಟಾಂತವು ವ್ಯವಹಾರದಿಂದ ತೆಗೆದುದು. ಇಬ್ಬರಿಗೆ ಸೇರಿದ ಸ್ವತ್ತನ್ನು ಒಬ್ಬನು ಪರರಿಗೆ ಕೊಡಬೇಕಾದರೆ ಮತ್ತೊಬ್ಬ ಪಾಲುದಾರನ ಅನುಮತಿಯು ಬೇಕು. ಅನುಮತಿಯಿಲ್ಲದೆ ಕಾರ್ಯವು ಸಾಗದಿದ್ದರೂ, ಅನುಮತಿಯನ್ನು ಕೇಳಿ ಪಡೆದವನಿಗೇ ಅದರ ಫಲವು ಸೇರುವುದು. ಅಂತೆಯೇ ಜೀವನ ಪ್ರಥಮಪ್ರಯತ್ನವನ್ನು ನೋಡಿ ಅಂತರ್ಯಾಮಿಯು ಅನುಮತಿಸಿ ನಡೆಸುವನು. ಇದೇ ಆಚಾರ್ಯರು ಗದ್ಯತ್ರಯದಲ್ಲಿ ಮಾತ್ರ ತಮ್ಮಲ್ಲಿ ಯಾವ ಯೋಗ್ಯತೆಯೂ ಇಲ್ಲವೆಂದು ನಿವೇದಿಸಿ, ಭಗವಂತನ ಪಾದಗಳನ್ನೇ ಶರಣು ಹೊಕ್ಕಿರುವರು. ಭಾಷ್ಯದಲ್ಲಿ ಭಕ್ತಿಯೋಗವು ದೀರ್ಘವಾದ ಉಪಾಸನೆ. ಗದ್ಯದಲ್ಲಿ ಪ್ರಪತ್ತಿಯು ಒಂದೇ ಸಲದ ಆತ್ಮಸಮರ್ಪಣೆ. ಆಳ್ವಾರರ ದ್ರಾವಿಡಪ್ರಬಂಧಗಳ ಭಾವವೂ ಸಂಸ್ಕೃತವೇದಾಂತದ ಪ್ರಕ್ರಿಯೆಯೂ ಒಬ್ಬರಲ್ಲಿಯೇ ಕೂಡಿದ್ದುದರಿಂದ ಈ ಎರಡು ಸ್ವರಗಳು ಅಲ್ಲಿ ಜಗಳವಾಡಲಿಲ್ಲ. ಅನಂತರದ ಶಿಷ್ಯಪರಂಪರೆಯಲ್ಲಿ ಅವು ಬೇರೆಯಾದವು.

೫. ಎರಡು ಕಲೆಗಳು

೧೩–೧೪ನೆಯ ಶತಮಾನಗಳಲ್ಲಿ ಶ್ರೀರಂಗದ ಪಿಳ್ಳೈ ಲೋಕಾಚಾರ್ಯರು ಶ್ರೀವಚನಭೂಷಣವೆಂಬ ಸೂತ್ರಪ್ರಾಯವಾದ ಗ್ರಂಥವನ್ನು ಮಣಿಪ್ರವಾಳಶೈಲಿಯಲ್ಲಿ ರಚಿಸಿದರು. ಅವರ ಮತದಲ್ಲಿ ಜೀವನ ಸ್ವರೂಪವೇ ಪಾರತಂತ್ರ್ಯ. ಒಡೆಯನಿಗೆ ಸೇರಿದ ವಸ್ತುವು ತನ್ನನ್ನು ತಾನು ರಕ್ಷಿಸಿಕೊಳ್ಳಲು ಹವಣಿಸುವುದು ಆ ಸ್ವರೂಪಕ್ಕೆ ವಿರುದ್ಧವಾದುದು. ಪ್ರಪತ್ತಿಯನ್ನೂ ಒಂದು ಉಪಾಯವೆಂದು ಎಣಿಸಬಾರದು. ರಕ್ಷಿಸಬರುವವನನ್ನು ತಡೆಯದಿರುವುದೇ ಜೀವನು ಮಾಡತಕ್ಕುದು. ಭಗವಂತನ ಕೃಪೆಯು ನಿರ್ಹೇತುಕ. ಅವನು ಜೀವನನ್ನು ಉದ್ಧರಿಸಲು ತಾನೇ ನೆಪಗಳನ್ನು ಹುಡುಕುವನು. ದಾರಿಹೋಕನೊಬ್ಬನು ಬೇರೆ ಕಾರ್ಯದ ಮಾತಿನಲ್ಲಿ ದಿವ್ಯಕ್ಷೇತ್ರದ ಹೆಸರನ್ನು ಉಚ್ಚರಿಸಿದರೂ, ತಿಳಿಯದೆ ಭಕ್ತನೊಬ್ಬನಿಗೆ ಉಪಕರಿಸಿದರೂ, ಅದನ್ನೇ ಪುಣ್ಯವೆಂದು ಲೆಕ್ಕಕ್ಕೆ ಬರೆದುಕೊಳ್ಳುವನೆಂಬ ಲೋಕಾಚಾರ್ಯರ ಭಾವನೆಯು ಕೃಪಾಸಾಹಿತ್ಯದಲ್ಲಿ ಅಪೂರ್ವವಾದುದು.

ವೇದಾಂತದೇಶಿಕರು (೧೨೬೮–೧೩೬೯) ರಹಸ್ಯತ್ರಯಸಾರದಲ್ಲಿ ಈ ಮತವನ್ನು ಅತಿಯಾದ ಮಾತೆಂದು ಬಗೆದರು. ಕೃಪೆಗೆ ಯಾವ ನಿಮಿತ್ತವೂ ಬೇಡವೆಂದರೆ ಎಲ್ಲ ಜೀವರಿಗೂ ಏಕಕಾಲದಲ್ಲಿ ಮುಕ್ತಿಯಾಗಬೇಕಾಗಿತ್ತು; ಹಾಗೆ ಆಗದಿರುವುದರಿಂದ ಸೂತ್ರಕಾರರು ಪರಿಹರಿಸಿದ ವೈಷಮ್ಯದೋಷವು ಪುನಃ ಈಶ್ವರನನ್ನು ಮುಟ್ಟುವುದು. ಆದುದರಿಂದ ಜೀವನ ಕಡೆಯಿಂದ ಒಂದು 'ವ್ಯಾಜ', ಅಂದರೆ ನೆಪಮಾತ್ರವಾದ ನಿಮಿತ್ತ, ಇರಬೇಕು. ಅದೇ ತನ್ನ ರಕ್ಷಣೆಯ ಭಾರವನ್ನು ಒಡೆಯನಲ್ಲಿ ಇಡುವ ಭರನ್ಯಾಸ. ಮೋಕ್ಷವನ್ನು ಕೊಡುವ ಸಿದ್ಧೋಪಾಯನು ಭಗವಂತನೇ. ಭರನ್ಯಾಸವು ಅವನಲ್ಲಿ ಸಹಜವಾಗಿರುವ ದಯೆಗೆ ಅವಕಾಶವನ್ನು ಕಲ್ಪಿಸುವ ಸಾಧ್ಯೋಪಾಯವು ಮಾತ್ರ. ದೇಶಿಕರ ಮತವನ್ನು ಮರ್ಕಟಕಿಶೋರನ್ಯಾಯವೆಂದೂ ಲೋಕಾಚಾರ್ಯರ ಮತವನ್ನು ಮಾರ್ಜಾಲಕಿಶೋರನ್ಯಾಯವೆಂದೂ ಕರೆಯುವುದು ರೂಢಿ. ಕೋತಿಯ ಮರಿಯು ತಾಯಿಯನ್ನು ಅವುಚಿಕೊಳ್ಳುವುದು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಒಯ್ಯುವುದು. ದೃಷ್ಟಾಂತವು ನೆನಪಿಡಲು ಸುಲಭವಾದರೂ ದೇಶಿಕರಿಗೆ ಪೂರ್ಣನ್ಯಾಯವನ್ನು ದೊರಕಿಸದು. ಅವರ ಮತದಲ್ಲಿಯೂ ಮರಿಯನ್ನು ಹೊತ್ತು ಜಿಗಿಯುವುದು ತಾಯಿಯೇ.

ಮುಂದೆ ಹದಿನೆಂಟು ಭೇದಗಳೆಂದು ಪಟ್ಟಿಮಾಡಲ್ಪಟ್ಟ ಅಂಶಗಳು ಬಹುಮಟ್ಟಿಗೆ ಈ ಒಂದೇ ಬೇರಿನ ಕವಲುಗಳು. ಮೈಸೂರಿನ ಆಳ್ಕೊಂಡವಿಲ್ಲಿ ಗೋವಿಂದಾಚಾರ್ಯರು ೧೯೧೦ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವುಗಳನ್ನು ವಿವರಿಸಿದರು. ವಾತ್ಸಲ್ಯವೆಂದರೆ ಭಕ್ತನ ದೋಷವನ್ನೇ ಭೋಗ್ಯವಾಗಿ ಎಣಿಸುವುದೆಂದು ತೆಂಗಲೆಯವರು. ಈಗತಾನೆ ಈದ ಹಸುವು ಕರುವಿನ ಮೈಯ ಕೊಳೆಯನ್ನು ನೆಕ್ಕುವುದು ಅವರಿಗೆ ನಿದರ್ಶನ. ದೋಷವನ್ನು ಕಂಡೂ ಕಾಣದಂತಿರುವುದೇ ವಾತ್ಸಲ್ಯವೆಂದು ವಡಗಲೆಯವರು. ಶ್ರೀದೇವಿಯು ಜೀವನ ಪರವಾಗಿ ಮೊರೆಯಿಡುವ ಪುರುಷಕಾರಭೂತಳೆಂದು ಇಬ್ಬರೂ ಒಪ್ಪುವರು. ಅವಳು ಭಗವಂತನಂತೆಯೇ ಉಪಾಯವೂ ಆಗುವಳೆಂದು ವಡಗಲೆಯವರು ಮಾತ್ರ ಹೇಳುವರು. ಪ್ರಪನ್ನನು ತಿಳಿದೂ ಮಾಡಿದ ಪಾಪಕ್ಕೆ ಪ್ರಾಯಶ್ಚಿತ್ತವು ಬೇಕೆಂದು ಇವರು, ಬೇಡವೆಂದು ಅವರು. ಹಾಡ್ರುಮೇಟಮಿನ ಸನ್ಯಾಸಿಗಳ ಸಂದೇಹವೂ ಇದೇ ಜಾತಿಯದೆಂಬುದು ಸ್ಪಷ್ಟವಾಗಿದೆ.

ಈ ವಾದವು ಬೆಳೆದ ಕಾಲವು ಶಾಂತವಾದ ಕಾಲವಲ್ಲ. ೧೪ನೆಯ ಶತಮಾನದ ಪೂರ್ವಾರ್ಧದಲ್ಲಿ ದೆಹಲಿಯ ಸೈನ್ಯವು ಶ್ರೀರಂಗವನ್ನು ಹೊಕ್ಕಾಗ, ವೃದ್ಧರಾದ ಲೋಕಾಚಾರ್ಯರು ಉತ್ಸವಮೂರ್ತಿಯನ್ನು ರಕ್ಷಿಸಿಕೊಂಡು ದಕ್ಷಿಣಕ್ಕೆ ಹೊರಟು ದಾರಿಯಲ್ಲಿಯೇ ದೇಹವನ್ನು ಬಿಟ್ಟರೆಂದೂ, ದೇಶಿಕರು ಶ್ರುತಪ್ರಕಾಶಿಕೆಯ ಗ್ರಂಥವನ್ನು ಉಳಿಸಿಕೊಂಡು ಕನ್ನಡನಾಡಿನ ಸತ್ಯಾಗಾಲದಲ್ಲಿ ಆಶ್ರಯ ಪಡೆದರೆಂದೂ ಸಂಪ್ರದಾಯವು ಹೇಳುತ್ತದೆ. ಮೂರ್ತಿಯು ಶ್ರೀರಂಗಕ್ಕೆ ಹಿಂದಿರುಗಿದ್ದು ವಿಜಯನಗರದ ಅಧಿಕಾರಿ ಗೋಪಣ್ಣನಿಂದ, ೧೩೭೧ರಲ್ಲಿ. ಜೀವನನ್ನು ರಕ್ಷಿಸಲು ಪ್ರಯತ್ನವು ಬೇಡವೆಂದ ಆಚಾರ್ಯರು ದೇವರನ್ನು ರಕ್ಷಿಸಲು ಪ್ರಾಣವನ್ನೇ ಸವೆಸಿದರೆಂಬುದು ಆ ಸಿದ್ಧಾಂತಕ್ಕೆ ವಿರೋಧವಲ್ಲ. ಫಲದ ಅಪೇಕ್ಷೆಯಿಲ್ಲದ ಕೈಂಕರ್ಯಕ್ಕೆ ಅಲ್ಲಿ ಮಿತಿಯಿಲ್ಲ; ಅದನ್ನು ಮೋಕ್ಷದ ಬೆಲೆಯೆಂದು ಎಣಿಸುವುದಕ್ಕೆ ಮಾತ್ರ ನಿಷೇಧವಿದೆ.

ರೋಮಿನಂತೆ ತೀರ್ಪು ಕೊಡುವ ಏಕಪೀಠವು ಶ್ರೀವೈಷ್ಣವರಲ್ಲಿ ಇರಲಿಲ್ಲ. ಆದುದರಿಂದ ಯಾರೂ ಪಾಷಂಡರೆಂದು ಬಹಿಷ್ಕೃತರಾಗದೆ ಎರಡು ಕಲೆಗಳೂ ಉಳಿದುವು. ಕರ್ಣಾಟಕದಲ್ಲಿಯೇ ಮೇಲುಕೋಟೆಯ ಯತಿರಾಜಮಠವು ತೆಂಗಲೆಯದು, ಮೈಸೂರಿನ ಪರಕಾಲಮಠವು ವಡಗಲೆಯದು. ವಿವಾದವು ದೇವಾಲಯಗಳ ಪ್ರಬಂಧಪಾರಾಯಣಕ್ಕೂ ತಿರುನಾಮದ ಆಕಾರಕ್ಕೂ ಇಳಿದು, ಬ್ರಿಟಿಷರ ಕಾಲದಲ್ಲಿ ಕಾಂಚೀಪುರವೇ ಮೊದಲಾದ ಕಡೆಗಳಿಂದ ನ್ಯಾಯಸ್ಥಾನಗಳನ್ನು ಏರಿತು. ಪಶ್ಚಿಮದಲ್ಲಿ ಸಭೆಗಳು ಸಿದ್ಧಾಂತವನ್ನು ತೀರ್ಮಾನಿಸಿದುವು. ಇಲ್ಲಿ ಸಿದ್ಧಾಂತವು ತೆರೆದೇ ಉಳಿದು, ಹಕ್ಕುಗಳು ಮಾತ್ರ ತೀರ್ಮಾನವಾದುವು.

೬. ಮಧ್ವಸಿದ್ಧಾಂತವೂ ಪೂರ್ವನಿರ್ಣಯವಾದವೂ

ಶ್ರೀವೈಷ್ಣವರ ಎರಡು ಕಲೆಗಳೂ ಯಾವ ಜೀವನನ್ನೂ ಮೋಕ್ಷಕ್ಕೆ ಅನರ್ಹನೆಂದು ಹೇಳವು. ಮಧ್ವಾಚಾರ್ಯರು (೧೨೩೮–೧೩೧೭) ಈ ವಿಷಯದಲ್ಲಿ ಬೇರೆ ದಾರಿಯನ್ನು ಹಿಡಿದರು. ಅವರ ಮತದಲ್ಲಿಯೂ ಮೋಕ್ಷವು ವಿಷ್ಣುವಿನ ಪ್ರಸಾದದಿಂದಲೇ. ಮಾಹಾತ್ಮ್ಯಜ್ಞಾನಪೂರ್ವಕವಾದ ಸುದೃಢಸ್ನೇಹವು ಭಕ್ತಿ, ಅದರಿಂದ ಅಪರೋಕ್ಷಜ್ಞಾನ, ಅದರ ಮೇಲೆ ಪರಮಪ್ರಸಾದ, ಆಮೇಲೆ ಮುಕ್ತಿ. ಆದರೆ ಜೀವರಲ್ಲಿ ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂಬ ಮೂರು ವರ್ಗಗಳು ಸ್ವರೂಪತಃ ಇರುವುವು.

ಜಿನೀವದ ಕ್ಯಾಲ್ವಿನನು, ದೇವರು ಕೆಲವರನ್ನು ನಿತ್ಯಜೀವಕ್ಕೂ ಕೆಲವರನ್ನು ನಿತ್ಯನಾಶಕ್ಕೂ ಮೊದಲೇ ಗೊತ್ತುಮಾಡಿರುವನೆಂದು ೧೬ನೆಯ ಶತಮಾನದಲ್ಲಿ ಬೋಧಿಸಿದನು. ಇದನ್ನೂ ಮಾಧ್ವತ್ರೈವಿಧ್ಯವನ್ನೂ ಒಂದೆಂದು ಹೇಳುವ ವಾಡಿಕೆಯುಂಟು. ಫಲದಲ್ಲಿ ಸಾದೃಶ್ಯವಿದ್ದರೂ ಕಾರಣದಲ್ಲಿ ಎರಡಕ್ಕೂ ಬಹುದೂರ. ಕ್ಯಾಲ್ವಿನನ ಮತದಲ್ಲಿ ಭೇದವು ದೇವರ ಸಂಕಲ್ಪದಿಂದ ಹುಟ್ಟಿದುದು. ಜೀವರೆಲ್ಲರೂ ಪತನದಿಂದ ಸಮಾನವಾಗಿ ಅನರ್ಹರು, ಆಯ್ಕೆಯು ಕೇವಲ ಅವನ ಚಿತ್ತ. ಮಧ್ವರ ಮತದಲ್ಲಿ ಜೀವರು ಅನಾದಿಗಳು, ಅವರ ಯೋಗ್ಯತೆಯೂ ಅನಾದಿ. ಸರ್ವಸ್ವತಂತ್ರನಾದ ಹರಿಯ ವಶದಲ್ಲಿಯೇ ಎಲ್ಲವೂ ಇದ್ದರೂ, ಬೀಜದಲ್ಲಿರುವುದನ್ನೇ ಮಳೆಯು ಬೆಳೆಸುವಂತೆ ಅವನು ಆಯಾ ಜೀವನಲ್ಲಿರುವುದನ್ನೇ ವ್ಯಕ್ತಪಡಿಸುವನು. ಅಲ್ಲಿ ನಿಗೂಢವಾಗಿ ಉಳಿಯುವುದು ದೇವರ ಇಚ್ಛೆ; ಇಲ್ಲಿ ನಿಗೂಢವಾಗಿ ಉಳಿಯುವುದು ಜೀವನ ಸ್ವರೂಪ. ಹರಿದಾಸರ ಪರಂಪರೆಯಲ್ಲಿ ಈ ಯೋಗ್ಯತಾವಾದವು ಜಗನ್ನಾಥದಾಸರ ಹರಿಕಥಾಮೃತಸಾರದಲ್ಲಿ ಶಾಸ್ತ್ರೀಯವಾದ ಕನ್ನಡರೂಪವನ್ನು ಪಡೆಯಿತು. ದಾಸರ ಕೀರ್ತನೆಗಳಲ್ಲಿ ಕೇಳಿಬರುವ ದೈನ್ಯವು ಕೃಪೆಯನ್ನೇ ಮುಂದಿಟ್ಟರೆ, ಅವರ ಲೋಕನೀತಿಯ ಪದಗಳು ಉದ್ಯೋಗವನ್ನು ಬಿಡದಂತೆ ಎಚ್ಚರಿಸುವುವು.

೭. ಎರವಲಿನ ವಾದ

ಈ ಸಾದೃಶ್ಯಗಳನ್ನು ಕಂಡ ಕೆಲವು ಪಾಶ್ಚಾತ್ಯ ಪಂಡಿತರು, ಭಕ್ತಿಯೂ ಕೃಪೆಯೂ ಕ್ರೈಸ್ತರಿಂದ ಭಾರತಕ್ಕೆ ಬಂದುವೆಂದು ಊಹಿಸಿದರು. ಭಾಷಾಸಮೀಕ್ಷೆಗಾಗಿ ಪ್ರಖ್ಯಾತನಾದ ಗ್ರಿಯರ್ಸನನು ೧೯೦೭ರಲ್ಲಿ, ಆಧುನಿಕ ಹಿಂದೂಮತವು ನೆಸ್ಟೋರಿಯನ್ ಕ್ರೈಸ್ತರಿಗೆ ಋಣಿಯೆಂಬ ಲೇಖನವನ್ನು ಪ್ರಕಟಿಸಿದನು. ದಕ್ಷಿಣದ ತೀರದಲ್ಲಿ ಪ್ರಾಚೀನಕ್ರೈಸ್ತರು ಇದ್ದುದು ನಿಜ. ಆದರೆ ಸಾನ್ನಿಧ್ಯವು ಪ್ರಭಾವಕ್ಕೆ ಪ್ರಮಾಣವಾಗದು. ಕಠ, ಮುಂಡಕ, ಶ್ವೇತಾಶ್ವತರಗಳಲ್ಲಿಯೇ ಪರಮಾತ್ಮನು ಯಾರನ್ನು ವರಿಸುವನೋ ಅವನಿಗೇ ಲಭ್ಯನೆಂಬ ಭಾವವೂ, ದೇವಪ್ರಸಾದದ ಭಾವವೂ ಇವೆ. ಗ್ರಿಯರ್ಸನನ ಲೇಖನವು ಹೊರಬಿದ್ದ ಎರಡು ವರ್ಷಗಳಲ್ಲಿಯೇ, ಮಧ್ಯಭಾರತದ ಬೇಸನಗರದ ಕಂಬದ ಮೇಲಣ ಶಾಸನವು ಬೆಳಕಿಗೆ ಬಂದಿತು. ಕ್ರಿಸ್ತಪೂರ್ವ ೨ನೆಯ ಶತಮಾನದಲ್ಲಿ ತಕ್ಷಶಿಲೆಯ ಹೆಲಿಯೊಡೋರನೆಂಬ ಯವನರಾಯಭಾರಿಯು ತಾನು ಭಾಗವತನೆಂದು ಹೇಳಿಕೊಂಡು, ದೇವದೇವನಾದ ವಾಸುದೇವನಿಗೆ ಗರುಡಧ್ವಜವನ್ನು ನಿಲ್ಲಿಸಿದುದು ಅದರಿಂದ ತಿಳಿಯುತ್ತದೆ. ದಮ, ತ್ಯಾಗ, ಅಪ್ರಮಾದಗಳೆಂಬ ಮೂರನ್ನು ಚೆನ್ನಾಗಿ ಅನುಷ್ಠಿಸಿದರೆ ಸ್ವರ್ಗಪ್ರಾಪ್ತಿಯೆಂದೂ ಅದೇ ಕಂಬವು ಹೇಳುತ್ತದೆ. ದೇವರಿಗೆ ಶರಣು, ಜೊತೆಗೆ ಮನುಷ್ಯನ ಅನುಷ್ಠಾನ: ಎರಡೂ ಒಂದೇ ಕಲ್ಲಿನ ಮೇಲೆ ಕೊರೆಯಲ್ಪಟ್ಟಿವೆ.

ಎರವಲನ್ನು ಬಿಟ್ಟು ಸಾದೃಶ್ಯವನ್ನೇ ಪರೀಕ್ಷಿಸಿದವನು ಜರ್ಮನಿಯ ರುಡಾಲ್ಫ್ ಓಟ್ಟೊ. ಭಾರತದ ಕೃಪಾಧರ್ಮವನ್ನೂ ಕ್ರೈಸ್ತಮತವನ್ನೂ ಹೋಲಿಸಿ ಅವನು ೧೯೩೦ರಲ್ಲಿ ಪ್ರಕಟಿಸಿದ ಗ್ರಂಥವು ಎರಡೂ ಸ್ವತಂತ್ರವಾಗಿ ಬೆಳೆದುವೆಂದು ಒಪ್ಪುತ್ತದೆ. ಆದರೆ ಅಪರಾಧಪ್ರಜ್ಞೆಯೂ ಪಾಪನಿಷ್ಕೃತಿಯೂ ಕ್ರೈಸ್ತಮತದ ಅಚ್ಚುಮರವಾಗಿದ್ದು, ಭಾರತದಲ್ಲಿ ಅವು ಆನುಷಂಗಿಕವೆಂಬುದು ಅವನ ನಿರ್ಣಯ. ಇದರಲ್ಲಿ ಸತ್ಯಾಂಶವಿದ್ದರೂ ತಿದ್ದುಪಡಿಯು ಅಗತ್ಯ. ಜೀವನು ಅಪರಾಧಿಯಾಗಿ ದಂಡಧರನಾದ ಸ್ವಾಮಿಯ ಮುಂದೆ ನಿಂತಿರುವಾಗ ಶ್ರೀದೇವಿಯು ನಡುವೆ ಬಂದು ಅವನ ಕೋಪವನ್ನು ಶಮನಮಾಡುವಳೆಂಬ ಪುರುಷಕಾರತತ್ತ್ವವು, ಅಪರಾಧಪ್ರಜ್ಞೆಯಿಲ್ಲದ ಜನರಲ್ಲಿ ಹುಟ್ಟಲಾರದು. ಯಾ ಎಂಬುದನ್ನು ಬಿಟ್ಟು ಹೇಗೆ ಎಂಬುದನ್ನು ಕೇಳಿದರೆ ಭೇದವು ಕಾಣುವುದು: ಶ್ರೀದೇವಿಯು ಮೊರೆಯಿಡುವಳು, ಬೆಲೆಯನ್ನು ತೆರುವುದಿಲ್ಲ, ಅವಳ ಮಧ್ಯಸ್ಥಿಕೆಯು ಯಾವ ಒಂದು ದಿನದ ಘಟನೆಯೂ ಅಲ್ಲ, ನಿತ್ಯವಾದುದು. ಕ್ರಿಸ್ತನ ಮರಣವು ರೋಮಿನ ಅಧಿಕಾರಿ ಪಿಲಾತನ ಆಳ್ವಿಕೆಯಲ್ಲಿ ಒಮ್ಮೆ ನಡೆದುದೆಂದು ಕ್ರೈಸ್ತರ ವಿಶ್ವಾಸಪ್ರಮಾಣವೇ ಕಾಲವನ್ನು ನಿರ್ದೇಶಿಸುತ್ತದೆ.

೮. ಉಪಸಂಹಾರ

ಮೇಲಣ ವೃತ್ತಾಂತದಿಂದ ಮೂರು ಅಂಶಗಳು ನಿಲ್ಲುವುವು. ಮೊದಲನೆಯದು, ಕೃಪೆಯನ್ನು ಒಂದು ಮತಕ್ಕೂ ಪ್ರಯತ್ನವನ್ನು ಇನ್ನೊಂದಕ್ಕೂ ಹಂಚಿಕೊಡುವುದು ಇತಿಹಾಸವಿರುದ್ಧವಾದುದು. ಪೆಲಾಜಿಯಸನಿಗಿಂತ ದೇಶಿಕರು ಕೃಪೆಗೆ ಬಹುಪಾಲು ಹೆಚ್ಚಿನ ಸ್ಥಾನವನ್ನು ಕೊಟ್ಟಿದ್ದಾರೆ. ಪ್ರಯತ್ನದ ಮೊದಲ ಅಂಕುರಕ್ಕೆ ಕಾಸಿಯನನು ಇತ್ತ ಗೌರವವನ್ನು ಲೋಕಾಚಾರ್ಯರು ಎಂದಿಗೂ ಕೊಡರು.

ಎರಡನೆಯದು, ನಿಜವಾದ ಭೇದವು ಕೃಪೆಯ ಅಸಮತೆಯನ್ನು ಸಮರ್ಥಿಸುವ ರೀತಿಯಲ್ಲಿದೆ. ಒಬ್ಬನು ರಕ್ಷಿತನಾಗಿ ಇನ್ನೊಬ್ಬನು ಉಳಿದುದೇಕೆಂಬ ಪ್ರಶ್ನೆಗೆ ವೇದಾಂತಿಗಳ ಬಳಿ ಅನಾದಿಕರ್ಮವೆಂಬ ಉತ್ತರವು ಸಿದ್ಧವಾಗಿತ್ತು. ಒಂದೇ ಜನ್ಮವನ್ನು ಒಪ್ಪುವ ಆಗಸ್ಟೀನನಿಗೆ ಆ ಉತ್ತರವು ಇರಲಿಲ್ಲ. ಆದಾಮನ ಪಾಪವು ಎಲ್ಲರಿಗೂ ಸಮಾನವಾದುದರಿಂದ ಅದು ವ್ಯತ್ಯಾಸಕ್ಕೆ ಕಾರಣವಾಗದು. ಆದುದರಿಂದ ಅವನು ದೇವರ ಅಗಾಧವಾದ ನ್ಯಾಯಕ್ಕೆ ತಲೆಬಾಗಿ ಸುಮ್ಮನಾದನು. ಆದರೆ ಕರ್ಮವಾದದ ಆಸರೆಯೂ ಅಭೇದ್ಯವಲ್ಲ. ಕೃಪೆಯು ಕರ್ಮವನ್ನು ಮೀರಿದುದೆಂದು ಲೋಕಾಚಾರ್ಯರು ಹೇಳಿದ ಕ್ಷಣದಲ್ಲಿಯೇ ಹಳೆಯ ವೈಷಮ್ಯಪ್ರಶ್ನೆಯು ಬಾಗಿಲಲ್ಲಿ ಬಂದು ನಿಂತಿತು. ದೇಶಿಕರ 'ವ್ಯಾಜ'ವೂ ಮಧ್ವರ 'ಯೋಗ್ಯತೆ'ಯೂ ಅದಕ್ಕೆ ಹೇಳಿದ ಎರಡು ಬೇರೆ ಬೇರೆ ಉತ್ತರಗಳು. ಕೃಪೆಯನ್ನು ಪೂರ್ಣವಾಗಿ ಸ್ವತಂತ್ರವೆಂದರೆ ನ್ಯಾಯಕ್ಕೆ ಕುಂದು. ಪೂರ್ಣವಾಗಿ ನ್ಯಾಯಬದ್ಧವೆಂದರೆ ಅದು ಕೃಪೆಯೆನಿಸದು. ಈ ಉಭಯಸಂಕಟವನ್ನು ಎರಡು ಮತಗಳೂ ಸಮಾನವಾಗಿ ಅನುಭವಿಸಿವೆ.

ಮೂರನೆಯದು ಸಾಹಿತ್ಯದ ಅಧ್ಯಯನಕ್ಕೆ ಸಂಬಂಧಿಸಿದುದು. ಕನ್ನಡದಲ್ಲಿ ಕೃಪೆಯ ಮಾತು ಬಂದೆಡೆಯಲ್ಲೆಲ್ಲ ಅದು ಯಾವ ಸಂಪ್ರದಾಯದ ಕೃಪೆಯೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ವೀರಶೈವರ ಅಷ್ಟಾವರಣಗಳಲ್ಲಿ ಒಂದಾಗಿ, ಷಟ್‍ಸ್ಥಲಗಳಲ್ಲಿ 'ಪ್ರಸಾದಿ'ಯೆಂಬ ಸ್ಥಲಕ್ಕೆ ಹೆಸರಿತ್ತ ಪ್ರಸಾದವು, ದಾಸರು ಬೇಡುವ ಹರಿಪ್ರಸಾದವು, ಶ್ರೀವೈಷ್ಣವರ ನಿರ್ಹೇತುಕಕೃಪೆ, ಕ್ರೈಸ್ತಕನ್ನಡದ ಕೃಪೆ, ಇವು ಒಂದೇ ನುಡಿಯಲ್ಲಿ ನಿಂತ ನಾಲ್ಕು ಬೇರೆ ಬೇರೆ ಅರ್ಥಗಳು. ಅವುಗಳನ್ನು ಬೆರಸಿ ಒಂದೆಂದು ಬೋಧಿಸಿದರೆ ಪ್ರತಿಯೊಂದು ಸಂಪ್ರದಾಯವೂ ತನ್ನ ಶಬ್ದಕ್ಕಾಗಿ ಸಲಿಸಿದ ವಿಚಾರದ ಶ್ರಮವು ಮರೆಯಾಗುವುದು. ಒಂದನ್ನು ಸ್ವಂತವೆಂದೂ ಮತ್ತೊಂದನ್ನು ಎರವಲೆಂದೂ ಬೋಧಿಸಿದರೆ ಆ ಶ್ರಮವೇ ನಡೆಯಲಿಲ್ಲವೆಂದಂತಾಗುವುದು. ಪಾಠಗಳ ನಿರ್ಣಯದಲ್ಲಿ ಒಂದು ವಿಸರ್ಗಕ್ಕೆ ಸಲ್ಲುವ ಎಚ್ಚರಿಕೆಯು ಈ ಶಬ್ದಗಳಿಗೂ ಸಲ್ಲಬೇಕು.